ಮನೆಯ ಕಂಪ್ಯೂಟರ್ ಬದಲಿಸುವುದು: ಅಂಗಡಿಗೆ ಹೋಗುವ ಮುನ್ನ ಯಾವ ಕ್ರಮದಲ್ಲಿ ತೀರ್ಮಾನಿಸಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಮನೆಯ ಹಳೆ ಕಂಪ್ಯೂಟರ್ ಬದಲಿಸುವವರಲ್ಲಿ ಬಹಳ ಜನ ಮೊದಲೇ ಅಂಗಡಿಗೆ ಹೋಗಿಬಿಡುತ್ತಾರೆ. ಅಲ್ಲಿ "ಐ ಫೈವ್ ಐತ್ರಿ, ಹದಿನಾರು ಜಿಬಿ ಐತ್ರಿ, ಐದು ವರ್ಷ ಚಿಂತಿ ಬ್ಯಾಡ್ರಿ" ಎಂಬ ಮಾತು ಕೇಳಿ ಹಣ ಕಟ್ಟುತ್ತಾರೆ. ಆರು ತಿಂಗಳಲ್ಲಿ ಹೊಸ ಡಬ್ಬಿಯೂ ಹ್ಯಾಂಗ್ ಆಗತೊಡಗುತ್ತದೆ, ಇಲ್ಲವೇ ಕರೆಂಟ್ ಹೋಗಿ ಬಂದ ಒಂದು ದಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸುಟ್ಟಿರುತ್ತದೆ. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಾಗಿರಬೇಕಿಲ್ಲ. "ಐ5" ಎಂಬ ಹೆಸರು 2009ರಿಂದ ಇದೆ. ಯಾವ ವರ್ಷದ ಐ5 ಎಂದು ಕೇಳಲು ಕೊಳ್ಳುವವರಿಗೆ ತಿಳಿದಿರಲಿಲ್ಲ, ಅಷ್ಟೇ.

ಈ ಬರಹದಲ್ಲಿ ಅಂಗಡಿ ಬರುವುದು ಎಂಟನೇ ಹಂತದಲ್ಲಿ. ಅದಕ್ಕೂ ಮೊದಲಿನದೆಲ್ಲ ಮನೆಯಲ್ಲೇ ಕೂತು ಮಾಡುವ ಕೆಲಸ, ಒಂದು ಸಂಜೆ ಸಾಕು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಪ್ರತಿ ಹಂತದ ಉತ್ತರ ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಕೈಗೆ ಬೇಕಾದವು

ಒಂದು ನೋಟ್‌ಬುಕ್, ಅಳತೆ ಟೇಪು, ಫೋಟೊ ತೆಗೆಯಲು ಮೊಬೈಲು, ಇನ್ನೂ ಚಾಲೂ ಆಗುವ ಹಳೆ ಕಂಪ್ಯೂಟರ್, ಒಂದು ನಕ್ಷತ್ರ ತುದಿಯ ಸ್ಕ್ರೂಡ್ರೈವರ್. ಅರ್ಥಿಂಗ್ ನೋಡಲು ಮಲ್ಟಿಮೀಟರ್ ಬೇಕು. ಅದನ್ನು ಹಿಡಿದು ಅಭ್ಯಾಸವಿಲ್ಲದಿದ್ದರೆ ವೈರಿಂಗ್ ಮಾಡುವವರನ್ನೇ ಒಂದು ಸಲ ಕರೆಸಿ.

ಹಂತ 1: ಹಳೆಯದು ಎಲ್ಲಿ ನಿಲ್ಲುತ್ತಿದೆ ಎಂದು ಪತ್ತೆ ಮಾಡಿ

"ಸ್ಲೋ ಆಗಿದೆ" ಎನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಹಳೆ ಯಂತ್ರದಲ್ಲಿ ನಿತ್ಯ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ ಐದು ನಿಮಿಷ ಕೆಲಸ ಮಾಡುತ್ತಾ ಸಿಪಿಯು, ಮೆಮೊರಿ, ಡಿಸ್ಕ್ ಈ ಮೂರರ ಮೇಲೆ ಕಣ್ಣಿಡಿ.

ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದು, ಅದರ ಕೆಳಗಿನ ವೇಗ ಸೆಕೆಂಡಿಗೆ ಎರಡು ಮೂರು ಎಂಬಿಯಷ್ಟೇ ಇದ್ದರೆ ಹಾರ್ಡ್ ಡಿಸ್ಕ್ ಸೋತಿದೆ ಎಂದರ್ಥ. ಸಣ್ಣ ಸಣ್ಣ ಕಡತಗಳಿಗಾಗಿ ಅದರ ಮುಳ್ಳು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ, ಉಳಿದ ಯಂತ್ರ ಕಾಯುತ್ತಾ ನಿಂತಿರುತ್ತದೆ. ಮೆಮೊರಿ 85 ಶೇಕಡಾ ದಾಟಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಇವೆರಡೂ ಸರಿಯಿದ್ದು ಸಿಪಿಯು ಒಂದೇ 100 ಶೇಕಡಾ ಹಿಡಿದು ನಿಂತಿದ್ದರೆ ಮಾತ್ರ ಪ್ರೊಸೆಸರ್ ಹಳೆಯದಾಗಿದೆ ಎನ್ನಬಹುದು.

ಅದೇ ಪರದೆಯಿಂದ ನಾಲ್ಕು ವಿವರ ಬರೆದುಕೊಳ್ಳಿ: ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು ಜಿಬಿ, ಎಷ್ಟು ಸ್ಲಾಟುಗಳಲ್ಲಿ ಎಷ್ಟು ತುಂಬಿವೆ, ಡಿಸ್ಕ್ ಎಂಥದ್ದು.

ಈಗ ಮೊದಲ ದೊಡ್ಡ ತೀರ್ಮಾನ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಅವಧಿ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕೆಂದರೆ ಸ್ಥೂಲವಾಗಿ ಇಂಟೆಲ್‌ನ 8ನೇ ಜನರೇಷನ್ (ಪೀಳಿಗೆ; ಹೆಸರಿನಿಂದ ಇದನ್ನು ತಿಳಿಯುವ ಬಗೆ ಹಂತ 4ರಲ್ಲಿದೆ) ಅಥವಾ ಎಎಂಡಿ ರೈಜನ್ 2000 ಸರಣಿಯಿಂದ ಈಚಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಕನಿಷ್ಠ 4 ಜಿಬಿ ರ‍್ಯಾಮ್ ಇರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿದರೆ ಸಾಲು ಸಾಲಾಗಿ ಹೇಳುತ್ತದೆ.

ಇಲ್ಲಿ ತುಂಬ ಜನ ಮೋಸ ಹೋಗುವ ಜಾಗವೊಂದಿದೆ. 8ನೇ ಜನರೇಷನ್ ಯಂತ್ರವಿದ್ದರೂ "ಟಿಪಿಎಂ ಇಲ್ಲ" ಎಂದು ತೋರಿಸಬಹುದು. ಬಹಳ ಸಲ ಅದು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ) ಆಫ್ ಆಗಿರುತ್ತದೆ, ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುತ್ತದೆ. ಆನ್ ಮಾಡಿದರೆ ಸಾಕು, ಹೊಸ ಯಂತ್ರದ ಖರ್ಚೇ ಉಳಿಯಬಹುದು.

8ನೇ ಜನರೇಷನ್ ಅಥವಾ ಅದರ ನಂತರದ್ದಿದ್ದು ಡಿಸ್ಕ್, ಮೆಮೊರಿ ಮಾತ್ರ ಸೋತಿದ್ದರೆ ಇಲ್ಲಿಗೇ ನಿಲ್ಲಿ. 512 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪಿನ ಡಿಸ್ಕ್) ಹಾಕಿಸಿ, ರ‍್ಯಾಮ್ 8ರಿಂದ 16 ಜಿಬಿ ಮಾಡಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ ಸಾದಾ ಸಾಟಾ ಎಸ್‌ಎಸ್‌ಡಿ 550 ಎಂಬಿವರೆಗೆ ಓದುತ್ತದೆ. ಸಣ್ಣ ಕಡತಗಳಲ್ಲಿ ಅಂತರ ಇನ್ನೂ ದೊಡ್ಡದು. ಎರಡು ಮೂರು ನಿಮಿಷ ತೆಗೆದುಕೊಂಡು ಆನ್ ಆಗುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಆನ್ ಆಗುತ್ತದೆ.

7ನೇ ಜನರೇಷನ್ ಅಥವಾ ಅದಕ್ಕಿಂತ ಹಳೆಯದಾದರೆ ಮುಂದೆ ಓದಿ. ಬ್ರೌಸರ್, ಯೂಟ್ಯೂಬ್, ಪತ್ರ ಬರೆಯುವುದು ಇಷ್ಟೇ ಇದ್ದರೆ ಅದಕ್ಕೆ ಎಸ್‌ಎಸ್‌ಡಿ ಕೂಡಿಸಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುವುದೂ ಒಳ್ಳೆಯ ದಾರಿಯೇ. ಆದರೆ ಟ್ಯಾಲಿ, ಕೋರಲ್‌ಡ್ರಾ, ನುಡಿ ಬಳಸುವವರಿಗೆ ಅದು ಆಗಿಬರುವುದಿಲ್ಲ.

ಹಂತ 2: ಕೆಲಸದ ಪಟ್ಟಿ ಬರೆಯಿರಿ

ಮನೆಯವರೆಲ್ಲರನ್ನೂ ಕೇಳಿ ಒಂದು ವಾರದಲ್ಲಿ ನಿಜವಾಗಿ ಆಗುವ ಕೆಲಸ ಬರೆಯಿರಿ. "ಮುಂದೆ ಬೇಕಾಗಬಹುದು" ಎನ್ನುವುದನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಎರಡನ್ನೂ ಕಲಸಬೇಡಿ. ಪಟ್ಟಿ ಈ ಮೂರರಲ್ಲಿ ಒಂದಕ್ಕೆ ಹೊಂದುತ್ತದೆ.

*ಹಗುರ ಕೆಲಸ:* ಬ್ರೌಸರ್, ಮಕ್ಕಳ ಆನ್‌ಲೈನ್ ಪಾಠ, ಅರ್ಜಿ ತುಂಬುವುದು, ವರ್ಡ್, ಎಕ್ಸೆಲ್, ಅಂಗಡಿಯ ಟ್ಯಾಲಿ. 4 ಕೋರಿನ (ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಹೊಸ ಪ್ರೊಸೆಸರ್, 8 ಜಿಬಿ ರ‍್ಯಾಮ್ ಜೊತೆಗೆ ಒಂದು ಖಾಲಿ ಸ್ಲಾಟು, 512 ಜಿಬಿ ಎಸ್‌ಎಸ್‌ಡಿ.

*ನಡು ಕೆಲಸ:* ಲಗ್ನಪತ್ರಿಕೆ, ಬ್ಯಾನರ್ ಡಿಟಿಪಿ, ಫೋಟೊ ತಿದ್ದುವುದು, ಇಂಜಿನಿಯರಿಂಗ್ ಓದುವ ಮಕ್ಕಳ ಕೋಡಿಂಗ್, ಎರಡು ಆಯಾಮದ ಆಟೋಕ್ಯಾಡ್. 6 ಕೋರ್, 16 ಜಿಬಿ ರ‍್ಯಾಮ್, 512 ಜಿಬಿ ಅಥವಾ 1 ಟಿಬಿ ಎಸ್‌ಎಸ್‌ಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ.

*ಭಾರಿ ಕೆಲಸ:* ಮದುವೆ ವಿಡಿಯೊ ಎಡಿಟಿಂಗ್, ಮೂರು ಆಯಾಮದ ವಿನ್ಯಾಸ, ದೊಡ್ಡ ಆಟಗಳು. 6ರಿಂದ 8 ಕೋರ್, 32 ಜಿಬಿ ರ‍್ಯಾಮ್, 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್.

ಮಗ ವಿಟಿಯು ಕಾಲೇಜಿಗೆ ಸೇರಿದ ಎಂಬ ಒಂದೇ ಕಾರಣಕ್ಕೆ ಭಾರಿ ಸಾಲಿಗೆ ಹಾರುವವರು ಬಹಳ. ಸಿವಿಲ್, ಮೆಕ್ಯಾನಿಕಲ್ ಓದುವವರಿಗೂ ಮೊದಲ ವರ್ಷ ನಡು ಸಾಲಿನ ಯಂತ್ರ ಸಾಕಾಗುತ್ತದೆ. ಎಸ್‌ಎಂಪಿಎಸ್ ಮಾತ್ರ ಸ್ವಲ್ಪ ದೊಡ್ಡದು ಹಾಕಿಸಿಟ್ಟರೆ ಮೂರನೇ ವರ್ಷ ಕಾರ್ಡ್ ಬೇಕೆನಿಸಿದಾಗ ಕೂಡಿಸಬಹುದು.

ಪಟ್ಟಿಯ ಕೊನೆಗೆ ಮನೆಯಲ್ಲಿರುವ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರದ ಮಾಡೆಲ್ ನಂಬರ್ ಬರೆಯಿರಿ. ವಿಂಡೋಸ್ 11 ಬರೀ 64 ಬಿಟ್‌ನಲ್ಲಿ ಬರುತ್ತದೆ. 32 ಬಿಟ್ ಡ್ರೈವರ್ ಮಾತ್ರ ಇರುವ ಹಳೆ ಪ್ರಿಂಟರ್ ಹೊಸ ಯಂತ್ರದಲ್ಲಿ ಓಡುವುದಿಲ್ಲ. ತಯಾರಕರ ಜಾಲತಾಣದಲ್ಲಿ 64 ಬಿಟ್ ಡ್ರೈವರ್ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಹಂತ 3: ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ

ಹಾಸ್ಟೆಲಿಗೆ, ಕಾಲೇಜಿಗೆ ಹೊತ್ತೊಯ್ಯಬೇಕಾದರೆ ಲ್ಯಾಪ್‌ಟಾಪ್. ಮನೆಯ ಮೂಲೆಯಲ್ಲೇ ಇರುವುದಾದರೆ ಡೆಸ್ಕ್‌ಟಾಪ್. ಅದೇ ಹಣಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ, ಕೆಟ್ಟ ಭಾಗವನ್ನು ಒಂದೊಂದಾಗಿ ಬದಲಿಸಬಹುದು, ಬೇಸಿಗೆಯನ್ನೂ ಚೆನ್ನಾಗಿ ತಡೆಯುತ್ತದೆ. ಆಲ್ ಇನ್ ಒನ್ ಬೇಡ: ಪರದೆ ಕೆಟ್ಟರೆ ಇಡೀ ಯಂತ್ರ ರಿಪೇರಿಗೆ ಹೋಗುತ್ತದೆ. ಎನ್100 ಪ್ರೊಸೆಸರಿನ ಮಿನಿ ಪಿಸಿ ಹಗುರ ಕೆಲಸಕ್ಕೆ ಮಾತ್ರ, ಬಹಳ ಕಡಿಮೆ ಕರೆಂಟಿನಲ್ಲಿ ಓಡುತ್ತದೆ.

ಲ್ಯಾಪ್‌ಟಾಪ್ ಕೊಳ್ಳುವವರು ರ‍್ಯಾಮ್ ಬೋರ್ಡಿಗೇ ಬೆಸೆದಿದೆಯೇ ಎಂದು ಕೇಳಿಯೇ ಕೊಳ್ಳಬೇಕು. ವಿವರದಲ್ಲಿ ಎಲ್‌ಪಿಡಿಡಿಆರ್ ಎಂದಿದ್ದರೆ ಅದು ಬೆಸೆದದ್ದು, ಮುಂದೆ ಹೆಚ್ಚಿಸಲು ಆಗದು. ಹಾಗಿದ್ದಾಗ 8 ಜಿಬಿ ಬೇಡ, 16 ಜಿಬಿಯದನ್ನೇ ತೊಗೊಳ್ಳಿ. ಡಿಸ್ಕ್ ಜಾಗದಲ್ಲಿ ಇಎಂಎಂಸಿ (ಬೋರ್ಡಿಗೆ ಬೆಸೆದ ನಿಧಾನದ ಚಿಪ್ಪು) 64 ಅಥವಾ 128 ಜಿಬಿ ಎಂದು ಕಂಡರೆ ಆ ಮಾದರಿಯನ್ನು ಬಿಟ್ಟುಬಿಡಿ. ಅಪ್‌ಡೇಟಿಗೇ ಅದರ ಜಾಗ ತುಂಬಿಹೋಗುತ್ತದೆ.

ಹಂತ 4: ಪ್ರೊಸೆಸರಿನ ಹೆಸರು ಓದಲು ಕಲಿಯಿರಿ

ಹೆಚ್ಚಿನ ಹಣ ಪೋಲಾಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರಿನ ಹೆಸರಿನಲ್ಲಿ ಗೀಟಿನ ನಂತರದ ಅಂಕೆಗಳನ್ನು ನೋಡಿ. ಕೊನೆಯ ಮೂರು ಅಂಕೆ ಬಿಟ್ಟು ಮುಂದೆ ಉಳಿಯುವುದೇ ಜನರೇಷನ್. ಐ5-3470 ಎಂದರೆ 3ನೇ ಜನರೇಷನ್, 2012ರ ಮಾಲು. ಐ5-8500 ಎಂದರೆ 8ನೆಯದು. ಐ5-12400 ಎಂದರೆ 12ನೆಯದು. ಐ3, ಐ5, ಐ7 ಎಂಬುದು ಒಂದೇ ಜನರೇಷನ್ನಿನ ಒಳಗಿನ ದರ್ಜೆ ಮಾತ್ರ. 4 ಕೋರಿನ ಐ3-12100, 3ನೇ ಜನರೇಷನ್ನಿನ ಐ7ಗಿಂತ ಸುಮಾರು ಎರಡು ಪಟ್ಟು ಕೆಲಸ ಮಾಡುತ್ತದೆ. "ಐ7 ಐತಿ" ಎಂಬ ಮಾತಿಗೆ ಜನರೇಷನ್ ಗೊತ್ತಿಲ್ಲದೆ ಬೆಲೆ ಕಟ್ಟಲಾಗದು.

ಹೆಸರಿನ ಕೊನೆಯ ಅಕ್ಷರವೂ ಮುಖ್ಯ. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ: ಬೇರೆ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಐ5-12400ಎಫ್ ಸ್ವಲ್ಪ ಅಗ್ಗ ಎಂದು ತಂದು, ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಕೇಬಲ್ ಸಿಕ್ಕಿಸಿ, ಮಾನಿಟರ್ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಕೆ ಎಂದರೆ ವೇಗ ಹೆಚ್ಚಿಸಿ ಓಡಿಸುವವರಿಗೆ, ಮನೆಗೆ ಬೇಡ. 13 ಮತ್ತು 14ನೇ ಜನರೇಷನ್ನಿನ ಕೆ ಮಾದರಿಯ ಐ5 ಹಾಗೂ ಐ7, ಐ9ಗಳಲ್ಲಿ ವೋಲ್ಟೇಜ್ ತೊಂದರೆಯಿಂದ ಯಂತ್ರ ಅಸ್ಥಿರವಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿತು. ಅಂಥದ್ದನ್ನೇ ಕೊಂಡರೆ ಮೊದಲ ದಿನವೇ ಬಯಾಸ್ ಅಪ್‌ಡೇಟ್ ಮಾಡಿಸಿ.

ಎಎಂಡಿಯಲ್ಲಿ ಜಿ ಎಂದರೆ ಒಳಗೆ ಒಳ್ಳೆಯ ಗ್ರಾಫಿಕ್ಸ್ ಇದೆ ಎಂದರ್ಥ: ರೈಜನ್ 5 5600ಜಿ, ರೈಜನ್ 5 8600ಜಿ. ಜಿ ಇಲ್ಲದ ರೈಜನ್ 5 5500 ಅಥವಾ 5600 ತಂದರೆ ಕಾರ್ಡ್ ಕಡ್ಡಾಯ. ಎಎಂಡಿ ಲ್ಯಾಪ್‌ಟಾಪುಗಳಲ್ಲಿ 7000 ಸರಣಿಯ ಮೂರನೇ ಅಂಕೆ ನೋಡಿ. ರೈಜನ್ 5 7520ಯು ಎಂಬುದರಲ್ಲಿ ಆ 2 ಎಂದರೆ ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. 7530ಯು ಝೆನ್ 3, 7540ಯು ಝೆನ್ 4. ಮೂರೂ ಒಂದೇ ಕಪಾಟಿನಲ್ಲಿ ಕೂತಿರುತ್ತವೆ, ಮೂರಕ್ಕೂ "7000 ಸಿರೀಸ್" ಎಂದೇ ಹೇಳುತ್ತಾರೆ.

ಈಗ ಮದರ್‌ಬೋರ್ಡ್. ಪ್ರೊಸೆಸರ್ ಯಾವ ಕಾಲದ್ದು ಎಂದು ಬೋರ್ಡಿನ ಹೆಸರೇ ಹೇಳಿಬಿಡುತ್ತದೆ. ಎಚ್61 ಎಂದರೆ 2 ಮತ್ತು 3ನೇ ಜನರೇಷನ್, ಎಚ್81 ಎಂದರೆ 4ನೆಯದು, ಎಚ್110 ಎಂದರೆ 6 ಮತ್ತು 7ನೆಯದು, ಎಚ್310 ಎಂದರೆ 8 ಮತ್ತು 9ನೆಯದು, ಎಚ್610 ಎಂದರೆ 12ರಿಂದ 14ನೆಯದು. ಹೊಳೆಯುವ ಹೊಸ ಕ್ಯಾಬಿನೆಟ್, ಹೊಸ ಕೀಬೋರ್ಡ್, ಒಳಗೆ ಎಚ್61 ಅಥವಾ ಎಚ್81 ಬೋರ್ಡು, ಅದರ ಮೇಲೆ ಬೇರೆ ಯಂತ್ರದಿಂದ ಕಿತ್ತ ಹಳೆ ಐ5: "ಹೊಸಾ ಐ ಫೈವ್ ಕಂಪ್ಯೂಟರ್" ಎಂದು ತೀರ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಇದೇ. ನಿಯಮ ತಪ್ಪಿಸಿ ಅದರ ಮೇಲೂ ವಿಂಡೋಸ್ 11 ಕೂರಿಸಿ ಕೊಡುತ್ತಾರೆ. ಪರದೆ ನೋಡಿ ಹೊಸದೆಂದು ತಿಳಿಯಬೇಡಿ.

ಹೊಸದಾಗಿ ಕಟ್ಟಿಸುವವರಿಗೆ ನಮ್ಮ ಸಲಹೆ ಹೀಗಿದೆ. ಹಗುರ ಕೆಲಸಕ್ಕೆ ಐ3-12100 ಅಥವಾ ಐ3-14100, ಎಚ್610 ಬೋರ್ಡಿನೊಂದಿಗೆ. ನಡು ಕೆಲಸಕ್ಕೆ 6 ಕೋರ್, 12 ಥ್ರೆಡ್‌ನ ಐ5-12400, ಇಲ್ಲವೇ ರೈಜನ್ 5 5600ಜಿ. ಭಾರಿ ಕೆಲಸಕ್ಕೆ ಎಎಂಡಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿನ ಮೇಲೆ ರೈಜನ್ 5 7600. 2022ರಲ್ಲಿ ಬಂದ ಎಎಂ5 ಸಾಕೆಟ್ಟನ್ನು 2027 ಮತ್ತು ಆಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ, ಆಮೇಲೆ ಪ್ರೊಸೆಸರ್ ಒಂದನ್ನೇ ಬದಲಿಸಲು ಅವಕಾಶವಿರುತ್ತದೆ. ವಿಡಿಯೊ ಎಡಿಟಿಂಗ್ ಒಂದೇ ಮುಖ್ಯವಾದರೆ ಎಫ್ ಇಲ್ಲದ ಇಂಟೆಲ್ ನೋಡಿ. ಅದರ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್, ವಿಡಿಯೊ ಬಿಡಿಸುವ ಕೆಲಸವನ್ನು ಹಗುರ ಮಾಡುತ್ತದೆ.

ರೀಫರ್ಬಿಷ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ ಯಂತ್ರ) ಕೊಳ್ಳುವುದು ತಪ್ಪಲ್ಲ. ಕಚೇರಿಗಳಿಂದ ಬರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಗಟ್ಟಿ ಡಬ್ಬಿಗಳು. ಶರತ್ತು ಒಂದೇ: 8ನೇ ಜನರೇಷನ್‌ಗಿಂತ ಕೆಳಗಿನದು ಬೇಡ. ಐ5-8500ಗೂ ಐ5-6500ಗೂ ಹೊರಗಿನಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಒಂದಕ್ಕೆ 6 ಕೋರ್, ವಿಂಡೋಸ್ 11 ಎರಡೂ ಇವೆ. ಇನ್ನೊಂದಕ್ಕೆ 4 ಕೋರ್, ವಿಂಡೋಸ್ 11 ಇಲ್ಲ.

ಹಂತ 5: ರ‍್ಯಾಮ್ ಮತ್ತು ಎಸ್‌ಎಸ್‌ಡಿ

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಜೋರಾಗಿ ಏರಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಳ್ಳುತ್ತಿರುವುದು ಕಾರಣ. ಅದಕ್ಕೂ ಹಿಂದಿನ ರೇಟು ಹಿಡಿದು ಚೌಕಾಸಿ ಮಾಡಿದರೆ ಪ್ರಯೋಜನವಿಲ್ಲ. ಅದಕ್ಕೇ ಹಳೆ ಯಂತ್ರದ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಡೆಸ್ಕ್‌ಟಾಪಿನ ಡಿಡಿಆರ್4 ರ‍್ಯಾಮ್ ಇದ್ದರೆ, ಡಿಡಿಆರ್4 ಹಿಡಿಯುವ ಎಚ್610 ಬೋರ್ಡನ್ನೋ 5600ಜಿ ಕೂರುವ ಎಎಂ4 ಬೋರ್ಡನ್ನೋ ಆರಿಸಿ ಅದೇ ಕಡ್ಡಿಯನ್ನು ಹೊಸದಕ್ಕೆ ಹಾಕಬಹುದು. ಎಚ್610 ಬೋರ್ಡುಗಳು ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಬರುತ್ತವೆ, ಆದರೆ ಒಂದರ ಕಡ್ಡಿ ಇನ್ನೊಂದಕ್ಕೆ ಹೋಗದು. ಎಎಂ5ಗೆ ಡಿಡಿಆರ್5 ಮಾತ್ರ. ಡಿಡಿಆರ್3 ಇದ್ದರೆ ಹೊಸದರಲ್ಲಿ ಉಪಯೋಗವಿಲ್ಲ.

ಎಚ್610ರಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟು. ಅಗ್ಗವೆಂದು 4 ಜಿಬಿಯ ಎರಡು ಕಡ್ಡಿ ಹಾಕಿಸಿದರೆ ಮುಂದೆ ಎರಡನ್ನೂ ಕಿತ್ತು ಬದಿಗಿಡಬೇಕು. 8 ಜಿಬಿಯ ಒಂದು ಕಡ್ಡಿಯಿಂದ ಶುರು ಮಾಡಿ, ಕೈಯಲ್ಲಿ ಹಣ ಆಡಿದಾಗ ಅದೇ ವೇಗದ ಇನ್ನೊಂದು ಕೂಡಿಸಿ. ಎರಡು ಕಡ್ಡಿ ಜೋಡಿಯಾಗಿ ಓಡಿದರೆ ಒಳಗಿನ ಗ್ರಾಫಿಕ್ಸ್‌ಗೂ ಬಲ ಬರುತ್ತದೆ, 5600ಜಿ ಹಾಕಿದವರಿಗೆ ಇದು ಕಣ್ಣಿಗೇ ಕಾಣುತ್ತದೆ.

ಎಸ್‌ಎಸ್‌ಡಿಯಲ್ಲಿ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆ) ಜೆನ್ 3 ಸೆಕೆಂಡಿಗೆ 3,500 ಎಂಬಿವರೆಗೆ, ಜೆನ್ 4 ಸುಮಾರು 7,000 ಎಂಬಿವರೆಗೆ ಓದುತ್ತದೆ. ಮನೆ ಕೆಲಸದಲ್ಲಿ ಆ ಎರಡರ ನಡುವಿನ ಅಂತರ ಗೊತ್ತಾಗುವುದೇ ಇಲ್ಲ. ವೇಗಕ್ಕಿಂತ ವಾರಂಟಿ ನೋಡಿ: 5 ವರ್ಷದ್ದು ಸಿಗುವಾಗ ಒಂದು ವರ್ಷದ್ದು ಯಾಕೆ? ಹಳೆ ಹಾರ್ಡ್ ಡಿಸ್ಕನ್ನು ಫೋಟೊ, ವಿಡಿಯೊ ಇಡಲು ಎರಡನೇ ಡಿಸ್ಕಾಗಿ ಹೊಸದಕ್ಕೆ ಸಿಕ್ಕಿಸಿಕೊಳ್ಳಿ.

ಹಂತ 6: ಮಾನಿಟರ್

ಹಳೆಯದು ಚೆನ್ನಾಗಿದ್ದರೆ ಅದೇ ಇರಲಿ. ಅದಕ್ಕೆ ಬರೀ ವಿಜಿಎ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಸಾಕು. ಹೊಸದು ಕೊಳ್ಳುವುದಾದರೆ 22ರಿಂದ 24 ಇಂಚು, ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಕೆಡದ ಪರದೆ), 1080ಪಿ. 27 ಇಂಚಿನಲ್ಲಿ 1080ಪಿ ತಂದರೆ ಚುಕ್ಕೆಗಳು ದಪ್ಪವಾಗಿ ಕನ್ನಡದ ಒತ್ತಕ್ಷರಗಳು ಕಲಸಿದಂತೆ ಕಾಣುತ್ತವೆ. ಡಿಟಿಪಿ ಮಾಡುವವರಿಗೆ ಕರಡು ತಿದ್ದುವಾಗ ತ ಒತ್ತೋ ನ ಒತ್ತೋ ತಿಳಿಯದೆ ಕಣ್ಣು ಸೋಲುತ್ತದೆ. ಅಷ್ಟು ದೊಡ್ಡದೇ ಬೇಕಿದ್ದರೆ 1440ಪಿ ನೋಡಿ. ಮೇಜಿನ ಅಗಲವನ್ನು ಟೇಪಿನಿಂದ ಅಳೆದು ಹೋಗಿ.

ಹಂತ 7: ಕರೆಂಟು, ಬಿಸಿಲು, ಧೂಳು

ನಮ್ಮ ಕಡೆ ಕಂಪ್ಯೂಟರ್ ಸಾಯುವುದು ಹಳೆಯದಾಗಿ ಕಡಿಮೆ, ಕರೆಂಟಿನಿಂದ ಹೆಚ್ಚು. ಒಟ್ಟು ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನಾದರೂ ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗೆ ಮೊದಲೇ ತೆಗೆದಿಡಿ.

*ಅರ್ಥಿಂಗ್.* ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥಿಂಗ್ ಇಲ್ಲ ಅಥವಾ ಸೋತಿದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥ್ ಕುಣಿಯ ಹಿಡಿತ ಕಡಿಮೆಯಾಗುತ್ತದೆ. ಫೆಬ್ರುವರಿಯಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹೊಯ್ಯಿರಿ.

*ಎಸ್‌ಎಂಪಿಎಸ್.* ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದರ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ, ಅಷ್ಟು ಭಾರ ಹೊರುವ ಭರವಸೆ ಇರುವುದಿಲ್ಲ. ಕೈಯಲ್ಲಿ ಎತ್ತಿ ನೋಡಿದರೇ ಹಗುರ ಎನಿಸುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಐ5-12400 ಯಂತ್ರ ಎಳೆಯುವುದು ನೂರು ವ್ಯಾಟಿನ ಆಸುಪಾಸು. ಹಾಗಾಗಿ ದೊಡ್ಡ ಅಂಕಿ ಬೇಡ, 80 ಪ್ಲಸ್ ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ ಪ್ರಮಾಣ) ಇರುವ 400–450 ವ್ಯಾಟಿನ ಒಳ್ಳೆಯದು ಸಾಕು. ಮುಂದೆ ಕಾರ್ಡ್ ಹಾಕುವ ಯೋಚನೆ ಇದ್ದರೆ 550–650.

*ಯುಪಿಎಸ್.* 600 ವಿಎ ಎಂದರೆ ಸಿಗುವುದು ಸುಮಾರು 360 ವ್ಯಾಟ್. ಹಗುರ ಮತ್ತು ನಡು ಯಂತ್ರಕ್ಕೆ, ಒಂದು ಮಾನಿಟರಿಗೆ ಸಾಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ: ಕಾಗದಕ್ಕೆ ಶಾಖ ಕೊಡುವಾಗ ಒಮ್ಮೆಲೇ ನೂರಾರು ವ್ಯಾಟ್ ಎಳೆದು ಯುಪಿಎಸ್ ಅನ್ನು ಕೆಡವುತ್ತದೆ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ, ಬಿಸಿ ಕೋಣೆಯಲ್ಲಿ ಇನ್ನೂ ಬೇಗ.

ಮನೆಗೆ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಎಂದು ಕೇಳುವವರಿದ್ದಾರೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ಸುಮಾರು 16 ಮಿಲಿಸೆಕೆಂಡ್ ತಡೆಯಬಲ್ಲದು. ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿದ್ದು, ಅದು ಸೈನ್ ವೇವ್ ಆಗಿದ್ದರೆ ಮೊದಲು ಅದನ್ನು ಹಾಕಿ ಪರೀಕ್ಷಿಸಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸಬೇಡಿ.

*ಬಿಸಿಲು ಮತ್ತು ಧೂಳು.* ಏಪ್ರಿಲ್, ಮೇನಲ್ಲಿ ಕೋಣೆಯೇ 38–40 ಡಿಗ್ರಿ ಇರುವಾಗ ಕ್ಯಾಬಿನೆಟ್ ಒಳಗಿನ ಗಾಳಿ ಅದಕ್ಕಿಂತ ಬಿಸಿಯಾಗಿರುತ್ತದೆ. ಮುಂದೆ ಗಾಜಿನ ಹಲಗೆ, ಬಣ್ಣದ ದೀಪ ಇರುವ ಕ್ಯಾಬಿನೆಟ್ ಬಿಡಿ. ಮುಂದೆ ಜಾಲರಿ, ಒಳಗೆಳೆಯುವ 120 ಮಿಲಿಮೀಟರ್ ಫ್ಯಾನ್ ಒಂದು, ಹಿಂದೆ ಹೊರದೂಡುವುದು ಒಂದು. ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರುವ ಗೂಡಿನಲ್ಲಿ ಇಡಬೇಡಿ, ನೆಲದ ಮೇಲೂ ಬೇಡ. ಕರಿಮಣ್ಣಿನ ಧೂಳು ಬಹಳ ಸಣ್ಣ, ನೆಲಮಟ್ಟದಲ್ಲಿ ಬೇಗ ಒಳಸೇರುತ್ತದೆ. ಅರ್ಧ ಅಡಿ ಎತ್ತರದ ಮಣೆಯ ಮೇಲಿಡಿ. ಮೂರು ತಿಂಗಳಿಗೊಮ್ಮೆ ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅತಿಯಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬೆಳಗಾವಿ ಊರೊಳಗೆ, ಖಾನಾಪುರ ಕಡೆ ತೊಂದರೆ ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ. ಹೊರಗೋಡೆಗೆ, ಕಿಟಕಿಗೆ ತಾಗಿಸಿ ಇಡಬೇಡಿ. ಬಳಸದಿದ್ದರೂ ಎರಡು ದಿನಕ್ಕೊಮ್ಮೆ ಒಂದು ಗಂಟೆ ಚಾಲೂ ಇಡಿ.

ಅಡ್ಡಮಳೆ ಸಿಡಿಲಿಗೆ ಪ್ಲಗ್ ತೆಗೆದರೆ ಸಾಲದು, ಬ್ರಾಡ್‌ಬ್ಯಾಂಡಿನ ಲ್ಯಾನ್ ಕೇಬಲನ್ನೂ ತೆಗೆಯಿರಿ. ಅದೇ ತಂತಿಯಿಂದ ಬಂದು ಮದರ್‌ಬೋರ್ಡ್ ಸುಡುವುದುಂಟು.

ಹಂತ 8: ಕೊಟೇಷನ್ ಮತ್ತು ಬಿಲ್ಲು

ಈಗ ಅಂಗಡಿ. ಕನಿಷ್ಠ ಮೂರು ಕಡೆ ಬರಹದಲ್ಲಿ ಕೊಟೇಷನ್ ತೊಗೊಳ್ಳಿ. ಸಾಮಾನ್ಯವಾಗಿ ಕೈಗೆ ಬರುವ ಚೀಟಿ ಹೀಗಿರುತ್ತದೆ:

"ಐ5 ಪ್ರೊಸೆಸರ್, ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್, ಕೀಬೋರ್ಡ್ ಮೌಸ್."

ಈ ಸಾಲಿನಲ್ಲಿ ಕೀಬೋರ್ಡ್, ಮೌಸ್ ಬಿಟ್ಟರೆ ಯಾವುದೂ ಖಚಿತವಿಲ್ಲ. ಇದೇ ಚೀಟಿಯನ್ನು ಅಲ್ಲೇ ಕೂತು ಹೀಗೆ ಬರೆಸಿ:

ಪ್ರೊಸೆಸರ್: ಇಂಟೆಲ್ ಐ5-12400, ಬಾಕ್ಸ್ ಪ್ಯಾಕ್, 3 ವರ್ಷ ವಾರಂಟಿ. 
ಮದರ್‌ಬೋರ್ಡ್: ಕಂಪನಿ ಹೆಸರು, ಎಚ್610, ಡಿಡಿಆರ್4, ಎಂ.2 ಸ್ಲಾಟ್ ಇರುವುದು. 
ರ‍್ಯಾಮ್: ಕಂಪನಿ ಹೆಸರು, 8 ಜಿಬಿ, ಡಿಡಿಆರ್4 3200, 2 ಕಡ್ಡಿ. 
ಎಸ್‌ಎಸ್‌ಡಿ: ಕಂಪನಿ ಹೆಸರು, ಪೂರ್ತಿ ಮಾಡೆಲ್, 512 ಜಿಬಿ ಎನ್‌ವಿಎಂಇ, ವಾರಂಟಿ ವರ್ಷ. 
ಎಸ್‌ಎಂಪಿಎಸ್: ಕಂಪನಿ ಹೆಸರು, ಮಾಡೆಲ್, 80 ಪ್ಲಸ್ ದರ್ಜೆ. ಕ್ಯಾಬಿನೆಟ್ ಬೇರೆ ಸಾಲಿನಲ್ಲಿ. 
ವಿಂಡೋಸ್: ಲೈಸೆನ್ಸ್ ಸೇರಿದೆಯೇ, ಇಲ್ಲವೇ.

ಹೀಗೆ ಬರೆಸಲು ಕೇಳಿದಾಗ ಅಂಗಡಿಯವರು "ಎಲ್ಲಾ ಒಂದ ಅದಾವ್ರಿ" ಎಂದರೆ ಎದ್ದು ಬನ್ನಿ. ತಿಳಿದ ವ್ಯಾಪಾರಿ ಖುಷಿಯಿಂದ ಬರೆದುಕೊಡುತ್ತಾರೆ, ಅಂಥವರು ಮೂರೂ ಊರಿನಲ್ಲಿ ಇದ್ದಾರೆ. ಬೆಲೆಯಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರಲೇಬೇಕು. ಕಚ್ಚಾ ಚೀಟಿ ಹಿಡಿದು ಹೋದರೆ ವಾರಂಟಿ ಸಿಗುವುದು ಕಷ್ಟ.

ಸ್ವಲ್ಪ ಅಗ್ಗವೆಂದು ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಕೊಲ್ಹಾಪುರಕ್ಕೋ ಹೋಗುವವರು ಒಂದು ಲೆಕ್ಕ ಹಾಕಿ. ವಾರಂಟಿಯಲ್ಲಿ ಒಂದು ಭಾಗ ಕೆಟ್ಟರೆ ಕೊಡಲು ಒಮ್ಮೆ, ತರಲು ಒಮ್ಮೆ ಹೋಗಬೇಕು. ಬಸ್ ಛಾರ್ಜು, ಎರಡು ದಿನದ ಕೆಲಸ ಕೂಡಿಸಿದ ಮೇಲೂ ಉಳಿತಾಯ ಇದ್ದರೆ ಹೋಗಿ. ಬ್ರ್ಯಾಂಡೆಡ್ ಯಂತ್ರವಾದರೆ "ಆನ್‌ಸೈಟ್ ವಾರಂಟಿ ನಮ್ಮ ಪಿನ್ ಕೋಡಿಗೆ ಇದೆಯೇ" ಎಂದು ಕಂಪನಿಯ ಸಹಾಯವಾಣಿಗೇ ಕೇಳಿ.

ಹಣ ಸಾಲದಿದ್ದರೆ ಕಡಿತ ಈ ಕ್ರಮದಲ್ಲಿರಲಿ: ಮೊದಲು ಕ್ಯಾಬಿನೆಟ್ಟಿನ ಅಂದ, ಆಮೇಲೆ ಹೊಸ ಮಾನಿಟರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಎರಡನೇ ರ‍್ಯಾಮ್ ಕಡ್ಡಿ. ಪ್ರೊಸೆಸರಿನ ಜನರೇಷನ್, ಎಸ್‌ಎಂಪಿಎಸ್, ಯುಪಿಎಸ್ ಮೂರರಲ್ಲಿ ಕೈ ಹಾಕಬೇಡಿ.

ಹಂತ 9: ಮೊದಲ ವಾರದ ಪರೀಕ್ಷೆ

ಮನೆಗೆ ತಂದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್, ರ‍್ಯಾಮ್, ಸ್ಲಾಟುಗಳನ್ನು ಬಿಲ್ಲಿಗೆ ತಾಳೆ ಹಾಕಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಎಂದು ಕಾಣುತ್ತದೆ. ಹೊಸದಾದರೆ ಕೆಲವೇ ಗಂಟೆ ಇರಬೇಕು. ಸಾವಿರಾರು ಗಂಟೆ ತೋರಿಸಿದರೆ ಅದು ಬಳಸಿದ ಮಾಲು, ಅದೇ ದಿನ ಫೋಟೊ ತೆಗೆದುಕೊಂಡು ಮರಳಿಸಿ.

ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟ ನೋಡಿ. ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಸರಿ. ಯಾವುದೋ ಸಂಸ್ಥೆಯ ಆಕ್ಟಿವೇಷನ್ ಸರ್ವಿಸ್ ಎಂದಿದ್ದರೆ ಅದು ಮನೆಗೆ ಮಾರುವ ಲೈಸೆನ್ಸ್ ಅಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಗಂಟೆ ವಿಡಿಯೊ ಓಡಿಸಿ, ಜೊತೆಗೆ ನಿತ್ಯದ ತಂತ್ರಾಂಶ ತೆರೆದಿಡಿ. ಉಷ್ಣತೆ ತೋರಿಸುವ ತಂತ್ರಾಂಶದಲ್ಲಿ ಪ್ರೊಸೆಸರ್ 85 ಡಿಗ್ರಿ ದಾಟಿ ನಿಂತರೆ ಕೂಲರ್ ಸರಿಯಾಗಿ ಕೂತಿಲ್ಲ ಅಥವಾ ಗಾಳಿ ಸಾಲುತ್ತಿಲ್ಲ. ಕೆಲಸವನ್ನೆಲ್ಲ ಸೇವ್ ಮಾಡಿ ಯುಪಿಎಸ್‌ನ ಪ್ಲಗ್ ಕಿತ್ತು ನೋಡಿ. ಯಂತ್ರ ಆರದೆ ಹತ್ತು ನಿಮಿಷವಾದರೂ ನಿಲ್ಲಬೇಕು. ನೀಲಿ ಪರದೆ, ತಾನಾಗಿ ರೀಸ್ಟಾರ್ಟ್, ಸುಟ್ಟ ವಾಸನೆ, ಎಸ್‌ಎಂಪಿಎಸ್‌ನಿಂದ ಕೀರಲು ಸದ್ದು ಇವುಗಳಲ್ಲಿ ಒಂದು ಕಂಡರೂ "ನೋಡೋಣ" ಎಂದು ಬಿಡಬೇಡಿ, ಮೊದಲ ವಾರದಲ್ಲೇ ಒಯ್ಯಿರಿ.

ಹಂತ 10: ಹಳೆಯದರಿಂದ ಹೊಸದಕ್ಕೆ

ಕಡತ ನಕಲು ಮಾಡುವ ಮುನ್ನ ಹೊಸ ಯಂತ್ರದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ವಿಂಡೋಸ್ 11 ಇದನ್ನು ತಾನೇ ಆನ್ ಮಾಡುವುದುಂಟು. ಅದರ 48 ಅಂಕೆಯ ರಿಕವರಿ ಕೀ ಅದೇ ಖಾತೆಯಲ್ಲಿರುತ್ತದೆ, ಅದನ್ನು ಕಾಗದದಲ್ಲಿ ಬರೆದು ಬಿಲ್ಲಿನ ಜೊತೆ ಇಡಿ. ಬೋರ್ಡ್ ಬದಲಿಸಿದ ದಿನ ಆ ಕೀ ಇಲ್ಲದಿದ್ದರೆ ಒಳಗಿನ ಫೋಟೊಗಳು ಸಿಗುವುದಿಲ್ಲ.

ಹಳೆ ನುಡಿಯಲ್ಲಿ ಟೈಪು ಮಾಡಿದ ಕಡತಗಳಿದ್ದರೆ ಅವುಗಳ ಫಾಂಟುಗಳನ್ನೂ ನಕಲು ಮಾಡಿ. ಯೂನಿಕೋಡ್ ಅಲ್ಲದ ಆ ಕಡತಗಳು ಫಾಂಟ್ ಇಲ್ಲದ ಯಂತ್ರದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಗುಂಪಾಗಿ ಕಾಣುತ್ತವೆ. ಕಡತ ಹಾಳಾಗಿದೆ ಎಂದು ಅಳಿಸಬೇಡಿ. ನುಡಿ 01 ಇ ಮುಂತಾದ ಫಾಂಟ್ ಹಾಕಿದ ಕೂಡಲೇ ಕನ್ನಡ ಮರಳುತ್ತದೆ. ಬಿಡುವಾದಾಗ ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಟ್ಯಾಲಿ ಇದ್ದರೆ ಬ್ಯಾಕಪ್ ತೆಗೆದು, ಹೊಸದರಲ್ಲಿ ರಿಸ್ಟೋರ್ ಮಾಡಿ, ಕೊನೆಯ ದಿನದ ಬಾಕಿ ತಾಳೆಯಾಗುತ್ತದೆಯೇ ನೋಡಿ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಡಾಂಗಲ್ ಒಂದೊಂದಾಗಿ ಸಿಕ್ಕಿಸಿ ಪರೀಕ್ಷಿಸಿ.

ಹಳೆ ಡಿಸ್ಕನ್ನು ಕನಿಷ್ಠ ಮೂರು ತಿಂಗಳು ಫಾರ್ಮ್ಯಾಟ್ ಮಾಡಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಹಳೆ ಡಬ್ಬಿ ಮಾರುವುದಾದರೆ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡಿ. ಅದಕ್ಕೆ ಅಂಗಡಿಯವರು ಕಡಿತ ಮಾಡುವ ಹಣ ಸಣ್ಣದು. ಅದರೊಳಗೆ ಮನೆಯವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಎಲ್ಲ ಇರುತ್ತವೆ.